ಹನ್ನೊಂದನೇ ಪುಸ್ತಕದ ಬಲೆನೂಲು

"ಮನಿಯೆಲ್ಲ ನಿಂದೇ ಅಂದೇಳಿ ತಿಳ್ಕೊ. ಆ ಪುಸ್ತ್ಕ ಒಂದ್ ಮಾತ್ರ ಮುಟ್ಬೇಡ, ಆಯ್ತಾ?" ಎಂದಳು ಪೂಜಿತಾ.

ಉಪ್ಪುಂದದ ಕಡಲ ಬದಿಯ ಆ ತಗ್ಗು ಮಾಡಿನ ಮನೆಯೊಳಗೆ ನಡುಮಧ್ಯಾಹ್ನವೂ ಕತ್ತಲೆ. ಅಂಗಳದಲ್ಲಿ ಒಣಗಲು ಹರಡಿದ ಮೀನಿನ ಮೇಲೆ ಬಿಸಿಲು ಕುದಿಯುತ್ತಿತ್ತು. ಅಲ್ಲಿಂದ ಒಳಗೆ ಬಂದ ವಿನಯಾಳಿಗೆ ಮೊದಲು ಏನೂ ಕಾಣಲಿಲ್ಲ. ಉಪ್ಪು, ಹೊಗೆ, ಹಳೆಯ ಹಗ್ಗದ ವಾಸನೆ ಮಾತ್ರ ಮೂಗಿಗೆ ಬಡಿಯಿತು. ಆಮೇಲೆ ನಿಧಾನವಾಗಿ ದೇವರ ಹಲಗೆ ಕಂಡಿತು. ಅದರ ಕೆಳಗಿನ ಗೂಡಿನಲ್ಲಿ ಒಂದು ಪುಸ್ತಕ. ಕಪ್ಪು ರಟ್ಟು, ರಟ್ಟಿನ ಮೇಲೆ ಕೆಂಪು ಬಾವಿ. 'ಬಾವಿಮನೆ' ಮಾಲೆಯ ಹನ್ನೊಂದನೆಯದು. ಪುಟಗಳ ನಡುವಿನಿಂದ ಒಂದು ಬಲೆನೂಲು ಹೊರಗೆ ನೇತಾಡುತ್ತಿತ್ತು, ಗಂಟಿನ ಮೇಲೆ ಗಂಟು ಬಿದ್ದದ್ದು.

"ಎಂತಕೆ? ಕಚ್ಚತ್ತಾ?" ಎಂದಳು ವಿನಯಾ.

"ನಗಾಡ್ಬೇಡ ಮಾರಾಯ್ತಿ. ಅಣ್ಣ ಅರ್ಧಕ್ಕೆ ಬಿಟ್ಟ್ ಹೋದ್ದದ್. ಅವ ಬಪ್ಪಲ್ಲಿವರಿಗೆ ಯಾರೂ ಮುಟ್ಟುಕಾಗ."

ಪೂಜಿತಾಳ ಅಣ್ಣ ರತನ್ ಮಲ್ಪೆಯ ಬೋಟಿನಲ್ಲಿ ಆಳಸಮುದ್ರಕ್ಕೆ ಹೋಗುವವನು. ಅವರ ಅಪ್ಪನೂ ಹಾಗೆಯೇ ಹೋಗುತ್ತಿದ್ದವನು, ಒಂದು ಸಲ ಹೋದವನು ಬರಲಿಲ್ಲ. ಹೋಗುವ ಬೆಳಿಗ್ಗೆ ಅಪ್ಪ ಚಾಪೆ ಸುತ್ತಿಟ್ಟಿದ್ದ, ಹರಿದ ಬಲೆಯನ್ನು ಪೂರ್ತಿ ಹೆಣೆದು ಮುಗಿಸಿದ್ದ, ಚಾ ಕುಡಿದು ಲೋಟ ತೊಳೆದು ಮಗುಚಿಟ್ಟಿದ್ದ. ಮನೆಯಲ್ಲಿ ಅವನದೆಂದು ಒಂದು ಕೆಲಸವೂ ಬಾಕಿ ಉಳಿದಿರಲಿಲ್ಲ. ಮತ್ತೆ ಯಾತಕ್ಕೆ ಬಂದಾನು ಎಂದು ತಾಯಿ ಜಲಜ ತಲೆ ಚಚ್ಚಿಕೊಂಡಿದ್ದಳಂತೆ. ಮಗ ಬೋಟು ಹತ್ತಿದಾಗ ಆಕೆ ನಾವುಂದದ ಮಂತ್ರವಾದಿ ಮುತ್ತನ ಹತ್ತಿರ ಹೋಗಿ ಕಟ್ಟು ಮಾಡಿಸಿಕೊಂಡು ಬಂದಳು. ರತನನ ತಲೆಗೂದಲು ಸೇರಿಸಿ ಹೊಸೆದ ನೂಲು. ಕಡಲಿಗೆ ಹೋಗುವಾಗ ಅವನು ಏನಾದರೂ ಅರ್ಧಕ್ಕೆ ಬಿಟ್ಟು ಹೋಗಬೇಕು. ಬಿಟ್ಟ ಜಾಗಕ್ಕೆ ಈ ನೂಲು ಇಡಬೇಕು. ನೂಲು ಎಲ್ಲಿದೆಯೋ ಆಳು ಅಲ್ಲಿಗೆ ಬರಲೇಬೇಕು.

"ಹಿಂದಿನ್ ಸಲ ಅರ್ಧ ಬಾಳಿಹಣ್ ಬಿಟ್ಟ್ ಹೋಯ್ದ" ಎಂದಳು ಪೂಜಿತಾ. "ಅವ ಬಪ್ಪತಿಗೆ ಮನಿಯೆಲ್ಲ ನೊಣ. ಅದ್ಕೆ ಈ ಸಲ ಪುಸ್ತ್ಕ. ಕತಿ ಒಳ್ಳೆ ಜಾಗ್ದಗಿತ್ತ್, ಸತ್ರೂ ಬತ್ತೆ ಅಂದೇಳಿ ಹೇಳಿ ಅಮ್ಮನ ಹತ್ರ ಬೈಸ್ಕಂಡ."

"ಬಿಎಸ್ಸಿ ಓದ್ತೆ ನೀನ್" ಎಂದು ವಿನಯಾ ನಕ್ಕಳು. "ನೂಲ್ ಎಳ್ದ್ರೆ ಬೋಟ್ ಬತ್ತಾ? ಹಂಗಾರೆ ಡೀಸೆಲ್ ಎಂತಕೆ?"

ಅಡುಗೆಮನೆಯಲ್ಲಿ ಸಟ್ಟುಗದ ಸದ್ದು ನಿಂತಿತು. ಜಲಜ ಬಾಗಿಲಿಗೆ ಬಂದು ನಿಂತಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಒಬ್ರ್ ಅರ್ಧ ಬಿಟ್ಟದ್ದನ್ನ ಇನ್ನೊಬ್ರ್ ಮುಗ್ಸುಕಾಗ ಮಗಾ. ಮುಗ್ಸದ್ರೆ ಆ ಕೊನಿ ಮುಗ್ಸದವ್ರ ಕುತ್ಗಿಗೇ ಬೀಳತ್ತ್." ಅಷ್ಟು ಹೇಳಿ ಒಳಗೆ ಹೋದಳು. ಎಣ್ಣೆ ಮತ್ತೆ ಚಟಪಟ ಎಂದಿತು.

ವಿನಯಾ ಬಾರ್ಕೂರಿನ ಜಿನಸಿ ಅಂಗಡಿಯವರ ಮಗಳು. ಕುಂದಾಪುರದ ಹಾಸ್ಟೆಲ್ ಸೇರಿದ ವರ್ಷವೇ ಅಲ್ಲಿನ ಓದುಕೂಟದ ಮುಂದಾಳಾದವಳು. ದಪ್ಪ ದಪ್ಪ ಕಾದಂಬರಿಗಳ ಬಗ್ಗೆ ಗಟ್ಟಿ ದನಿಯಲ್ಲಿ ಮಾತಾಡುತ್ತಿದ್ದಳು. ಒಮ್ಮೆ ಪೂಜಿತಾ ಕೂಟಕ್ಕೆ 'ಬಾವಿಮನೆ'ಯ ಒಂದು ಪುಸ್ತಕ ತಂದಾಗ ಎಲ್ಲರೆದುರು ಹೇಳಿದ್ದಳು: "ಪಿಯುಸಿ ಮಕ್ಕಳಿಗೆ ಹೆದ್ರ್ಸುಕೆ ಬರ್ದದ್ ಇದ್. ಮೀನ್ ಕಟ್ಟುಕೆ ಅಡ್ಡಿಲ್ಲೆ." ಎಲ್ಲರೂ ನಕ್ಕರು. ಪೂಜಿತಾಳೂ ನಕ್ಕಳು. ಅವಳ ತಾಯಿ ಮೀನು ಮಾರುವವಳು ಎಂದು ಕೂಟದಲ್ಲಿ ಎಲ್ಲರಿಗೂ ಗೊತ್ತಿತ್ತು.

ಯಾರಿಗೂ ಗೊತ್ತಿಲ್ಲದ ಸಂಗತಿ ಬೇರೆ. ಅದೇ ವಾರ ವಿನಯಾ ಮೊದಲ ಪುಸ್ತಕವನ್ನು ಅರ್ಥಶಾಸ್ತ್ರದ ಪುಸ್ತಕದೊಳಗೆ ಇಟ್ಟುಕೊಂಡು ಓದಿದಳು. ಆಮೇಲೆ ಎರಡನೆಯದು. ಹಾಗೆ ಹತ್ತೂ ಮುಗಿದವು. ಬಾವಿಯೊಳಗೆ ಹೋದ ಹುಡುಗ ಏನಾದ ಎಂದು ತಿಳಿಯದೆ ಊಟ ರುಚಿಸುತ್ತಿರಲಿಲ್ಲ. ಹನ್ನೊಂದನೆಯದು ಹಾಸ್ಟೆಲ್ ಲೈಬ್ರರಿಯಲ್ಲಿ ಇರಲಿಲ್ಲ. ಹನ್ನೆರಡನೆಯದು, ಕೊನೆಯದು, ಇನ್ನೂ ಯಾರಿಗೂ ಸಿಕ್ಕಿರಲಿಲ್ಲ. ಬರೆಯುವವರು ಬರೆದೇ ಇಲ್ಲವೆಂದು ಸುದ್ದಿ. ಹನ್ನೊಂದನೆಯದು ಪೂಜಿತಾಳ ಮನೆಯಲ್ಲಿದೆ ಎಂದು ಗೊತ್ತಾದ ದಿನವೇ ವಿನಯಾ ಕೇಳಿದ್ದಳು, "ನಿಮ್ ಊರಿನ್ ಕಡಲ್ ಕಾಣ್ಕಲೆ, ಈ ಶನಿವಾರ ಬರ್ಲಾ?"

ಊಟಕ್ಕೆ ಕೂತಾಗ ಜಲಜ ಅವಳ ತಟ್ಟೆಗೆ ಹುರಿದ ಬಂಗುಡೆ ಹಾಕಿದಳು. ಕೆಂಪು ಮಸಾಲೆ ಎಣ್ಣೆಯಲ್ಲಿ ಮಿರುಗುತ್ತಿತ್ತು. ಶನಿವಾರ ಮೀನು ತಿನ್ನದ ಪೂಜಿತಾ ಬರೀ ಸಾರು ಕಲಸಿಕೊಂಡಳು. ಅತಿಥಿಗೆಂದೇ ಹುರಿದದ್ದು.

ಅಷ್ಟರಲ್ಲಿ ಫೋನು ಬಂತು. ಪೂಜಿತಾ ಸ್ಪೀಕರಿಗೆ ಹಾಕಿದಳು. ಗಾಳಿಯ ಸದ್ದು, ಎಂಜಿನ್ನಿನ ಸದ್ದು, ನಡುವೆ ರತನನ ದನಿ.

"ಅಮ್ಮಾ, ಈಗ ನೆಟ್‌ವರ್ಕ್ ಸಿಕ್ತ್ ಕಾಣ್. ಕಾರವಾರದ್ ಹತ್ರ ಇತ್ತ್. ಐಸ್ ಮುಗೀತಾ ಬಂತ್, ನಾಳಿಗ್ ಬತ್ತೆ. ಪೂಜಿ, ಹನ್ನೆರಡ್ನೇದ್ ಬಂತಾ?" ಒಂದು ದೊಡ್ಡ ಸೀನು. ಹಿಂದಿನಿಂದ ಯಾರೋ ಕೂಗಿದರು, "ಹ್ವಾಯ್ ರತನಾ, ಹಗ್ಗ ಹಿಡಿಯಾ!" ಫೋನು ಕಡಿಯಿತು.

ಊಟ ಮುಗಿಸಿ ತಾಯಿ ಮಗಳು ಒಣಮೀನು ಮಗುಚಿ ಬೇರೆ ಬೇರೆ ಮಾಡಲು ಅಂಗಳಕ್ಕೆ ಹೊರಟರು, ಸಂಜೆಯವರೆಗಿನ ಕೆಲಸ. "ನೀ ಬಿಸ್ಲಿಗೆ ಬರ್ಬೇಡ. ಇನ್ನೊಂದ್ ಬಂಗುಡಿ ತಿನ್ನ್ ಹೆಣ್ಣೆ, ಹಾಸ್ಟೆಲ್ಲಗೆ ಎಂತ ಸಿಕ್ಕತ್ತ್ ನಿಮ್ಗೆ" ಎಂದು ಜಲಜ ತಟ್ಟೆಯನ್ನು ಅವಳ ಮುಂದೆ ಸರಿಸಿ ಹೋದಳು.

ವಿನಯಾ ಬಾಗಿಲ ಕಡೆಗೊಮ್ಮೆ ನೋಡಿದಳು. ಗೂಡಿಗೆ ಕೈ ಹಾಕಿದಳು.

ಪುಸ್ತಕ ತಣ್ಣಗಿತ್ತು. ಆ ಸೆಕೆಯಲ್ಲಿ ಅದೊಂದೇ ಐಸಿನ ಪೆಟ್ಟಿಗೆಯಿಂದ ತೆಗೆದ ಹಾಗೆ. ಹಿಂಬಾಗಿಲ ಸಂದಿನ ಬೆಳಕಿಗೆ ಕೂತು ಮೊದಲ ಪುಟ ತೆರೆದಳು. ಪುಟದ ಮೂಲೆಗಳಿಂದ ಎಂಜಿನ್ ಎಣ್ಣೆಯ ವಾಸನೆ ಬರುತ್ತಿತ್ತು. ಒಂದು ಕೈಯಲ್ಲಿ ಮೀನು ಮುರಿಯುತ್ತ, ಅದೇ ಕೈಯಲ್ಲಿ ಪುಟ ತಿರುಗಿಸುತ್ತ ಓದಿದಳು. ನಡುವೆ ಎಲ್ಲೋ ನೂಲು ಅಡ್ಡ ಬಂತು. ಎಳೆದು ಚಾಪೆಯ ಮೇಲಿಟ್ಟಳು, ಪುಟದ ಸಂಖ್ಯೆ ನೆನಪಿಟ್ಟುಕೊಂಡರಾಯಿತು ಎಂದು. ಅಲ್ಲಿಂದಾಚೆ ಪುಟಗಳಲ್ಲಿ ಎಣ್ಣೆಯ ವಾಸನೆ ಇರಲಿಲ್ಲ. ಅದೆಲ್ಲ ಗಮನಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಬಾವಿಯೊಳಗೆ ಹೋದ ಹುಡುಗ ಬದುಕಿದ್ದ. ಅವನು ಮೇಲೆ ಹತ್ತುತ್ತಿದ್ದ. ಕಲ್ಲು ಕಲ್ಲು ಹಿಡಿದು ಹತ್ತಿದ. ಊರಿನ ದಾರಿ ಹಿಡಿದ. ಕೊನೆಯ ಪುಟದಲ್ಲಿ ಮನೆಯ ಬಾಗಿಲಿಗೆ ಬಂದು ನಿಂತ. ಬಾಗಿಲು ತಟ್ಟಿದ. ಒಳಗೆ ತಾಯಿ ಎದ್ದ ಸದ್ದಾಯಿತು.

ಅಲ್ಲಿಗೆ ಪುಸ್ತಕ ಮುಗಿಯಿತು.

ವಿನಯಾ ಉಸಿರು ಬಿಟ್ಟಳು. ನೂಲು ಚಾಪೆಯ ಮೇಲೆ ಒದ್ದೆ ಹುಳುವಿನ ಹಾಗೆ ಸುರುಳಿಯಾಗಿ ಬಿದ್ದಿತ್ತು. ಯಾವ ಪುಟ? ನೆನಪಿಲ್ಲ. ಅಂಗಳದಲ್ಲಿ ಪೂಜಿತಾಳ ನಗು ಹತ್ತಿರವಾಯಿತು. ಸಿಕ್ಕಿದ ಕಡೆ, ಮೊದಲ ಕೆಲವು ಪುಟಗಳ ನಡುವೆ ನೂಲನ್ನು ತುರುಕಿ ಪುಸ್ತಕ ಗೂಡಿಗೆ ಸೇರಿಸಿದಳು. ಕೈಯನ್ನು ಅಲ್ಲೇ ಬಿದ್ದಿದ್ದ ಹಳೆ ಸೀರೆಯ ತುಂಡಿಗೆ ಒರೆಸಿಕೊಂಡಳು.

"ಬೇಜಾರಾಯ್ತಾ ಒಬ್ಳೇ ಕೂಕಂಡ್?" ಎಂದು ಜಲಜ ಕೇಳಿದಳು.

"ಇಲ್ಲೆ ಜಲಜಕ್ಕ. ಸಣ್ಣ ನಿದ್ರಿ ಬಂತ್."

ವಿನಯಾ ಆ ರಾತ್ರಿ ಅಲ್ಲೇ ಉಳಿದಳು. ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಫೋನು ಬಂತು. ಗಾಳಿ. ಎಂಜಿನ್ನು.

"ಅಮ್ಮಾ, ಈಗ ನೆಟ್‌ವರ್ಕ್ ಸಿಕ್ತ್ ಕಾಣ್. ಕಾರವಾರದ್ ಹತ್ರ ಇತ್ತ್. ಐಸ್ ಮುಗೀತಾ ಬಂತ್, ನಾಳಿಗ್ ಬತ್ತೆ."

"ನಿನ್ನಿಯೂ ನಾಳಿಗ್ ಅಂದ್ಯಲ?" ಎಂದಳು ಜಲಜ.

"ಎಂತ ನಿನ್ನೆ? ಹೊರಟ್ಮೇಲೆ ಇದೇ ಮೊದ್ಲ್ ಫೋನ್ ಮಾಡೂದ್ ನಾನ್. ಪೂಜಿ, ಹನ್ನೆರಡ್ನೇದ್ ಬಂತಾ?"

ಸೀನು. ಅದೇ ಸೀನು. "ಹ್ವಾಯ್ ರತನಾ, ಹಗ್ಗ ಹಿಡಿಯಾ!"

ಫೋನು ಕಡಿಯಿತು.

"ಕಳ್ಳ, ಮಸ್ಕಿರಿ ಮಾಡ್ತ" ಎಂದು ಪೂಜಿತಾ ನಕ್ಕಳು. ಜಲಜ ನಗಲಿಲ್ಲ. ದೋಸೆ ಕಾವಲಿಯ ಮೇಲೆ ಕರಿಯಾಗುತ್ತಿತ್ತು.

ವಿನಯಾಳ ಬಾಯೊಳಗಿನ ತುತ್ತು ಮಣ್ಣಾಯಿತು. ನಾನು ನೂಲನ್ನು ಅವನು ಬಿಟ್ಟ ಪುಟಕ್ಕಿಂತ ಹಿಂದೆ ಇಟ್ಟಿದ್ದೇನೆ. ಅವನು ಹಿಂದೆ, ನಿನ್ನೆಗೆ ಹೋಗಿದ್ದಾನೆ. ಹಾಗೆಲ್ಲ ಆಗುವುದಿಲ್ಲ ಎಂದು ಅವಳ ಬುದ್ಧಿ ಹೇಳುತ್ತಿತ್ತು, ಕಣ್ಣು ಮಾತ್ರ ಗೂಡಿನ ಕಡೆಗೇ ಹೋಗುತ್ತಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಓದಿದೆ, ನೂಲು ತಪ್ಪಿತು, ಅಷ್ಟೇ. ಆದರೆ ಆ ಮಾತಿನ ಹಿಂದೆ ಇನ್ನೊಂದು ಬರುತ್ತಿತ್ತು. ಮೀನು ಕಟ್ಟುವ ಕಾಗದವನ್ನು ನೀನು ಕದ್ದು ಓದಿದೆಯಾ? ಪೂಜಿತಾ ಸೋಮವಾರ ಕೂಟದಲ್ಲಿ ಹೇಳದಿದ್ದರೂ ಅವಳ ಕಣ್ಣು ಹೇಳುತ್ತಿತ್ತು. ಅದನ್ನು ನೆನೆದೇ ವಿನಯಾಳ ಕಿವಿ ಬಿಸಿಯಾಯಿತು.

ಇಬ್ಬರೂ ಬಾವಿಕಟ್ಟೆಯಲ್ಲಿದ್ದಾಗ ಅವಳು ಮತ್ತೆ ಗೂಡಿಗೆ ಕೈ ಹಾಕಿದಳು. ಮುಂದೆ ಇಟ್ಟರೆ ಮುಂದೆ ಬರುತ್ತಾನೆ. ಕೊನೆಯಲ್ಲಿಟ್ಟರೆ ಬಂದೇ ಬಿಡುತ್ತಾನೆ. ನೂಲನ್ನು ಕೊನೆಯ ಪುಟದಲ್ಲಿಟ್ಟು ಮುಚ್ಚಿದಳು. ಗಂಟೊಂದು ಬೆರಳಿಗೆ ತಾಗಿ ಮಿಡಿದ ಹಾಗಾಯಿತು.

ನೆತ್ತಿಯ ಮೇಲೆ ಬಿಸಿಲು ಬಂದ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು.

ಗಾಳಿಗೆ ಬಡಿಯದಿರಲೆಂದು ಮುಂಬಾಗಿಲು ಹಾಕಿತ್ತು. ತಟ್ಟಿದ್ದು ಒದ್ದೆ ಕೈ. ಸದ್ದಿನಲ್ಲೇ ತಿಳಿಯುತ್ತಿತ್ತು.

"ಅಣ್ಣ ಬಂದ!" ಪೂಜಿತಾ ಓಡಿದಳು. ತೆರೆದಳು. ಕಣ್ಣು ಕುಕ್ಕುವ ಬಿಸಿಲು. ಖಾಲಿ ಅಂಗಳ. ಸಾಲು ಸಾಲು ಒಣಮೀನು. ಅದರ ಮೇಲೆ ಒಂದು ಕಾಗೆಯೂ ಇರಲಿಲ್ಲ.

"ಯಾರೂ ಇಲ್ಲೆ" ಎಂದು ಮುಚ್ಚಿದಳು.

ಮತ್ತೆ ತಟ್ಟಿದ ಸದ್ದು. ಈಗ ಜಲಜ ತೆರೆದಳು. ಯಾರೂ ಇಲ್ಲ. ಹೊಸಿಲ ಹೊರಗೆ ಎರಡು ಒದ್ದೆ ಪಾದ. ಬಿಸಿಲಿಗೆ ಅವು ಆರುತ್ತಿರಲಿಲ್ಲ. ಡೀಸೆಲ್ಲಿನ ವಾಸನೆ, ಕರಗುವ ಐಸಿನ ವಾಸನೆ ತಣ್ಣಗೆ ಒಳಗೆ ನುಗ್ಗಿತು. ಜಲಜಳ ಕೈ ಬಾಗಿಲ ಮೇಲೆಯೇ ನಿಂತಿತು.

"ಪೂಜೀ, ಅಣ್ಣಂಗ್ ಫೋನ್ ಮಾಡ್."

ಪೂಜಿತಾ ಮಾಡಿದಳು. ರತನನ ಫೋನಿನ ರಿಂಗು ಮಗುವೊಂದು ಕಿಲಕಿಲ ನಗುವ ಸದ್ದು. ಆ ನಗು ಹೊಸಿಲ ಹೊರಗೆ ಕೇಳಿತು. ಒದ್ದೆ ಪಾದಗಳ ಮೇಲೆ, ಎದೆಯೆತ್ತರದಲ್ಲಿ, ಖಾಲಿ ಬಿಸಿಲಿನೊಳಗಿಂದ. ನಕ್ಕಿತು. ನಕ್ಕಿತು. ನಿಂತಿತು.

ಪೂಜಿತಾ ಕಿರುಚಿದಳು. ಜಲಜ ಕಿರುಚಲಿಲ್ಲ. ನೇರ ಗೂಡಿಗೆ ಹೋಗಿ ಪುಸ್ತಕ ತೆಗೆದಳು. ನೂಲು ಕೊನೆಯ ಪುಟದಲ್ಲಿತ್ತು. ಹಿಂಬಾಗಿಲ ಬೆಳಕಿಗೆ ಹಿಡಿದು ಪುಟ ಮಗುಚಿದಳು, ಮೂಗಿಗೆ ಹಿಡಿದು ಮೂಸಿದಳು.

"ಇದ್ ನನ್ ಮಸಾಲಿ ವಾಸ್ನಿ" ಎಂದಳು. ಪ್ರತಿ ಪುಟದ ಮೂಲೆಯಲ್ಲೂ ಕೆಂಪು ಹೆಬ್ಬೆರಳು. "ಯಾರ್ ಓದ್ದದ್ ಇದನ್ನ?"

"ನಾನಲ್ಲ" ಎಂದಳು ವಿನಯಾ. ಯಾರೂ ಅವಳನ್ನು ಕೇಳಿರಲಿಲ್ಲ. ಮಾತು ಅಲ್ಲಿಗೆ ನಿಲ್ಲದೆ ಪೂಜಿತಾಳ ಮೇಲೆ ಹೋಯಿತು. "ಪೂಜಿ ಓದಿಪ್ಪುಕೂ ಸಾಕ್."

ಪೂಜಿತಾ ಅವಳತ್ತ ತಿರುಗಿದಳು. ಹೆದರಿಕೆಯ ನಡುವೆಯೂ ಆ ಮುಖದಲ್ಲಿ ಏನೋ ಮುರಿಯಿತು.

"ನಿನ್ನೆ ಶನಿವಾರ" ಎಂದಳು ಮೆಲ್ಲಗೆ. "ನಾ ಹುರ್ದ್ ಮೀನ್ ಮುಟ್ಲಿಲ್ಲೆ."

ಬಾಗಿಲ ಹೊರಗೆ ಮತ್ತೆ ತಟ್ಟಿದ ಸದ್ದು. ವಿನಯಾಳಿಗೆ ನೆಲ ನೋಡುವುದೊಂದೇ ಉಳಿದಿತ್ತು. ಸಗಣಿ ಸಾರಿಸಿದ ನೆಲದ ಮೇಲೆ ನಿನ್ನೆಯ ಮೀನಿನ ಒಂದು ಮುಳ್ಳು ಬಿದ್ದಿತ್ತು.

"ಕೇಂಡಿದ್ರೆ ನಾನೇ ಕೊಡ್ತಿದ್ದೆ ಹೆಣ್ಣೆ, ಅವ ಬಂದ್ಮೇಲೆ" ಎಂದಳು ಜಲಜ. "ಈಗ ಹೇಳ್. ಕಡಿಗೆ ಎಂತ ಬರ್ದಿತ್ತ್ ಇದ್ರಗೆ?"

"ಒಬ್ಬ ಹುಡ್ಗ ಮನಿಗ್ ವಾಪಾಸ್ ಬತ್ತ. ಬಾಗ್ಲ್ ತಟ್ತ."

"ಒಳಗ್ ಬತ್ನಾ?"

ವಿನಯಾ ಆ ಮುಳ್ಳನ್ನು ಕಾಲ್ಬೆರಳಿನಿಂದ ಬದಿಗೆ ಸರಿಸಿದಳು.

"ಒಳಗ್ ಬತ್ನಾ ಅಂದೇಳಿ ಕೇಂಡದ್ದ್."

"ಅದ್... ಅದ್ ಹನ್ನೆರಡ್ನೇದ್ರಗೆ."

ಜಲಜ ಮತ್ತೆ ಪುಟ ಮಗುಚತೊಡಗಿದಳು, ಈಗ ಕೊನೆಯಿಂದ ಮೊದಲ ಪುಟದ ಕಡೆಗೆ. ಕೆಂಪು ಹೆಬ್ಬೆರಳು, ಕೆಂಪು, ಕೆಂಪು. ಒಂದು ಕಡೆ ಕೆಂಪಿನ ಅಡಿಯಲ್ಲಿ ಕಪ್ಪು ಕಂಡಿತು. ಸೋಪಿಗೆ ಹೋಗದ ಎಂಜಿನ್ ಎಣ್ಣೆ. ಮಗನ ಬೆರಳು. ಅಲ್ಲಿಂದ ಮೊದಲ ಪುಟದವರೆಗೆ ಎಲ್ಲ ಪುಟಗಳಲ್ಲೂ ಅದು ಇತ್ತು. ಅವನು ಬಿಟ್ಟ ಜಾಗ ಅದೇ.

ನೂಲು ಕೈಗೆತ್ತಿಕೊಂಡು ಆಕೆ ವಿನಯಾಳ ಕಡೆ ನೋಡಿದಳು.

"ಅವನ್ನ ಅಲ್ಲಿಂದ ಎಳ್ದ್ರೆ ಆ ಬಾಗ್ಲ ಹೊರಗಿನ್ ಜಾಗ ಖಾಲಿ ಇರತ್ತಿಲ್ಲೆ ಮಗಾ. ಕಡಿವರಿಗೆ ಓದ್ದವ್ರ್ ಅಲ್ಲಿ ನಿಲ್ಕ್. ನೀ ಬ್ಯಾಡ ಅಂದ್ರೆ..." ಮಾತು ಅಲ್ಲಿಗೇ ನಿಂತಿತು. ಬೇಡ ಅಂದರೆ ತಾನು ಏನು ಮಾಡುವೆನೆಂದು ಆಕೆಗೂ ಗೊತ್ತಿರಲಿಲ್ಲ.

ಹೊರಗೆ ತಟ್ಟುವುದು ನಿಧಾನವಾಗುತ್ತಿತ್ತು. ಕೈ ಸೋತ ಹಾಗೆ.

ವಿನಯಾ ತಲೆಯಾಡಿಸಿದಳು. ಧೈರ್ಯಕ್ಕಲ್ಲ, ನಂಬಿಕೆಗೂ ಅಲ್ಲ. ಪೂಜಿತಾ ತನ್ನನ್ನು ನೋಡುವುದು ನಿಂತರೆ ಸಾಕು ಅನ್ನಿಸಿತ್ತು.

"ರತನಾ, ಇಲ್ಲಿಂದ ಬಾ" ಎಂದು ಜಲಜ ನೂಲನ್ನು ಕಪ್ಪು ಬೆರಳಿನ ಪುಟಕ್ಕೆ ಒತ್ತಿದಳು.

ಸದ್ದು ನಿಂತಿತು. ಹೊಸಿಲ ಹೊರಗಿನ ಒದ್ದೆ ಬಿಸಿಲಿಗೆ ಆರಿತು. ಎಲ್ಲಿಂದಲೋ ಕಾಗೆಗಳು ಬಂದು ಮೀನಿನ ಮೇಲೆ ಇಳಿದವು. ಫೋನು ಬಡಿದುಕೊಂಡಿತು.

"ಅಮ್ಮಾ, ಮಲ್ಪೆಗ್ ಮುಟ್ಟಿಯಾಯ್ತ್. ಮಂಡೆಯೆಲ್ಲ ಭಾರ, ಎಂತದೋ ಕನಸ್ ಬಿದ್ದಾಂಗ್ ಆಯ್ತ್. ಬಸ್ಸಿಗೆ ಬತ್ತೆ. ಪೂಜಿ, ಹನ್ನೆರಡ್ನೇದ್ ಬಂತಾ?"

"ಇಲ್ಯಾ ಅಣ್ಣ, ಅದ್ ಬಪ್ಪುದೇ ಇಲ್ಲೆ ಅಂಬ್ರ್" ಎಂದು ಪೂಜಿತಾ ಅಳುತ್ತ ನಗುತ್ತ ಹೇಳಿದಳು. ತಾಯಿ ಮಗಳು ಫೋನನ್ನು ನಡುವೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟರು.

ವಿನಯಾ ಚೀಲ ಹೆಗಲಿಗೆ ಹಾಕಿಕೊಂಡಳು. "ನಾ ಹೋತೆ" ಎಂದಳು. ಯಾರೂ ತಿರುಗಲಿಲ್ಲ. ಅವರು ತಿರುಗಿ ನೋಡುವಂಥ ಕೆಲಸವನ್ನು ತಾನು ಮಾಡಿಲ್ಲ ಎಂದುಕೊಂಡು ಹೆದ್ದಾರಿಗೆ ನಡೆದಳು. ಹಾಸ್ಟೆಲ್ಲಿಗೆ ಹೋಗುವ ಮುಖ ಇರಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ಪಕ್ಕದವರಿಗೆ ಟಿಕೆಟ್ ಹರಿದು ಮುಂದೆ ಹೋದ. ಕರೆದಳು, ಅವನಿಗೆ ಕೇಳಲಿಲ್ಲ. ಕುಂದಾಪುರದಲ್ಲಿ ಹತ್ತಿದ ಒಬ್ಬ ಹೆಂಗಸು ತನ್ನ ಬುಟ್ಟಿಯನ್ನು ನೇರ ಅವಳ ಮಡಿಲ ಮೇಲೆ ಇಡಲು ಬಂದಳು. ವಿನಯಾ ಎದ್ದು ನಿಂತಳು. ಬ್ರಹ್ಮಾವರದಲ್ಲಿ ಇಳಿದಳು. ಬಾರ್ಕೂರಿನ ಬಸ್ಸು ಹತ್ತಿದಳು. ಅಲ್ಲಿಯೂ ಯಾರೂ ಟಿಕೆಟ್ ಕೇಳಲಿಲ್ಲ. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಮಾತು ತಿರುಗುತ್ತಿತ್ತು. ಪೂಜಿ ಓದಿಪ್ಪುಕೂ ಸಾಕ್. ಹೇಗೆ ಬಂತು ಆ ಮಾತು ಬಾಯಿಗೆ?

ಮನೆ ಮುಟ್ಟುವಾಗ ಮುಸ್ಸಂಜೆ. ಗದ್ದೆ ಕಡೆಯಿಂದ ಕಪ್ಪೆಗಳ ಸದ್ದು. ಒಳಗೆ ಟಿವಿಯ ಸದ್ದು, ಊದುಬತ್ತಿಯ ವಾಸನೆ. ಬಾಗಿಲು ಹಾಕಿತ್ತು. ಅಮ್ಮನಿಗೆ ಎಲ್ಲ ಹೇಳಿಬಿಡಬೇಕು. ಅತ್ತುಬಿಡಬೇಕು. ತಟ್ಟಿದಳು.

"ಯಾರದ್?" ಅಮ್ಮ ಪ್ರಭಾವತಿಯ ದನಿ. ಎದ್ದ ಸದ್ದು. ಅಗಳಿ ತೆಗೆದ ಸದ್ದು.

"ನಾನ್ ಅಮ್ಮ."

ಬಾಗಿಲು ತೆರೆಯಿತು. ಅಮ್ಮ ಅವಳ ಮುಖದೊಳಗಿಂದಲೇ ಆಚೆ ಗೇಟಿನ ಕಡೆ ನೋಡಿದಳು. ಎಡಕ್ಕೆ ನೋಡಿದಳು. ಬಲಕ್ಕೆ ನೋಡಿದಳು.

"ಯಾರೂ ಇಲ್ಲೆ" ಎಂದಳು ಒಳಗೆ ಅಪ್ಪನಿಗೆ. ಮೂಗು ಅರಳಿಸಿದಳು. "ಎಂತದೋ ಮೀನ್ ಹುರ್ದ್ ವಾಸ್ನಿ."

"ಅಮ್ಮಾ!"

ಬಾಗಿಲು ಮುಚ್ಚಿತು.

ವಿನಯಾ ಕಾಲೆತ್ತಿದಳು. ಹೊಸಿಲು ದಾಟಲಿಲ್ಲ. ಕಿಟಕಿಗೆ ಹೋಗೋಣವೆಂದಳು. ಕಾಲು ಕದಲಲಿಲ್ಲ. ಹೆಬ್ಬೆರಳು ಕೆಂಪಗಿತ್ತು, ಎಷ್ಟು ಒರೆಸಿದರೂ ಕೆಂಪಗಿತ್ತು. ಪಾದದ ಕೆಳಗೆ ನೆಲ ಒದ್ದೆಯಾಗುತ್ತಿತ್ತು. ಕೈ ತನ್ನಷ್ಟಕ್ಕೆ ಎದ್ದು ತಟ್ಟಿತು. ಮತ್ತೆ ತಟ್ಟಿತು.

ಒಳಗೆ ಅಮ್ಮ ಹೇಳುವುದು ಕೇಳಿತು, "ಎಂತಕೋ ಮನ್ಸಿಗೆ ಸಮ ಇಲ್ಲೆ. ಹೆಣ್ಣಿಗ್ ಒಂದ್ ಫೋನ್ ಮಾಡ್ತೆ."

ಚೀಲದೊಳಗೆ ಫೋನು ರಿಂಗಾಯಿತು. ಬಾಗಿಲು ಮತ್ತೆ ತೆರೆಯಿತು. ಅಮ್ಮ ಕಿವಿಗೆ ಫೋನು ಹಿಡಿದು ಹೊಸಿಲಲ್ಲಿ ನಿಂತಿದ್ದಳು. ಒಂದು ಮೊಳ ದೂರದಲ್ಲಿ, ಖಾಲಿ ಕತ್ತಲೆಯೊಳಗೆ ಮಗಳ ಫೋನು ಹಾಡುವುದನ್ನು ಕೇಳುತ್ತಿದ್ದಳು. ಅಮ್ಮನ ಮುಖ ಬೆಳ್ಳಗಾಗುವುದನ್ನು ವಿನಯಾ ನೋಡಿದಳು. ನಿನ್ನೆಯವರೆಗೆ ಇಂಥದ್ದಕ್ಕೆಲ್ಲ ನಗುತ್ತಿದ್ದವಳು ತಾನೇ. ಈಗ ಹೆದರಿಕೆಗಿಂತ ಮೊದಲು ನಾಚಿಕೆ ಬಂತು. ಈ ಮುಖವನ್ನು ಅವಳು ಮಧ್ಯಾಹ್ನವಷ್ಟೇ ಇನ್ನೊಬ್ಬ ತಾಯಿಯಲ್ಲಿ ನೋಡಿದ್ದಳು. ನೋಡಿ, ನಾನಲ್ಲ ಅಂದಿದ್ದಳು.

"ನಾನೇ ಅಮ್ಮ" ಎಂದಳು. "ನಾನೇ ಮಾಡದ್ದ್."

ಅಮ್ಮ ಬಾಗಿಲು ಹಾಕಿ ಅಗಳಿ ಜಡಿದಳು. ಒಳಗೆ ಅವಳು ಅಳುವುದು ಕೇಳುತ್ತಿತ್ತು.

ಒದ್ದೆ ಕೈ ಮತ್ತೆ ಮೇಲೆದ್ದಿತು.